ಮೇಷ್ಟ್ರ ಸೊಳ್ಳೆ ಬಕೆಟ್ಟು

ಸೊಳ್ಳೆಯ ವಿಷಯದಲ್ಲಿ ಇಡೀ ಜೋಗುಪಾಳ್ಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಂಬಿಕೆಗೆ ಆಧಾರವೂ ಇತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿಕೊಂಡು, ಉಳಿದ ಹೊತ್ತಿನಲ್ಲೆಲ್ಲ ಕೆರೆ, ಕಾಲುವೆ, ಹೊಂಡಗಳಲ್ಲಿ ಮೊಣಕಾಲುದ್ದ ನೀರಿಗಿಳಿದು ಬಲೆಯಲ್ಲಿ ನೀರಿನ ಹುಳ ಹಿಡಿಯುತ್ತ ಆಯುಷ್ಯ ಕಳೆದವನು ನಾನು. ನನ್ನ ಮದುವೆಯ ಮಾತುಕತೆಯಲ್ಲಿ ಹುಬ್ಬಳ್ಳಿಯ ನಮ್ಮ ಮಾವನವರು, "ಹುಡುಗ ಏನ್ ಮಾಡ್ತಾನ್ರೀ?" ಎಂದು ಕೇಳಿದ್ದಕ್ಕೆ ಮಧ್ಯಸ್ಥರು, "ರಿಸರ್ಚ್ ಮಾಡ್ತಾರೆ" ಎಂದಷ್ಟೇ ಹೇಳಿ ಗಡಿಬಿಡಿಯಿಂದ ಉಪ್ಪಿಟ್ಟಿಗೆ ಕೈ ಹಾಕಿದರಂತೆ. ಯಾವುದರ ಮೇಲೆ ರಿಸರ್ಚು ಎಂಬುದು ನನ್ನ ಹೆಂಡತಿ ವಿಮಲಾಗೆ ಗೊತ್ತಾಗಿದ್ದು ಮದುವೆಯಾದ ಮೇಲೆ, ಬಚ್ಚಲುಮನೆಯ ಕಿಟಕಿಯಲ್ಲಿದ್ದ ಬಾಟಲಿಯೊಳಗಿಂದ ಏನೋ ಒಂದು ಅವಳ ಕಡೆಗೆ ತಿರುಗಿ ನೋಡಿದಾಗ!

ರಿಟೈರಾದ ಮೇಲೆ ಎಲ್ಲವನ್ನೂ ಕೂಡಿಸಿ ಒಂದು ಪುಸ್ತಕ ಬರೆದೆ. ಏರೋಪ್ಲೇನ್ ಚಿಟ್ಟೆಗಳನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಅವುಗಳ ಬಾಲ್ಯವೆಲ್ಲ ನೀರೊಳಗೆ. ರೆಕ್ಕೆಯಿಲ್ಲದ, ಕೆಸರು ಬಣ್ಣದ, ನೋಡಿದರೆ ಯಾರಿಗೂ ಮುದ್ದು ಬಾರದ ಮರಿಯಾಗಿ ತಳದಲ್ಲಿ ಕೂತಿರುತ್ತವೆ. ಇಂಥ ಮರಿ ಬೆಳೆದು ಇಂಥ ಚಿಟ್ಟೆಯಾಗುತ್ತದೆ ಎಂದು ಮುಖ ನೋಡಿ ಹೇಳಲು ಸಾಧ್ಯವೇ ಇಲ್ಲ. ಮರಿಯನ್ನು ಸಾಕಬೇಕು, ಅದು ಕಣ್ಣೆದುರಿಗೇ ಚಿಟ್ಟೆಯಾಗಬೇಕು. ನನ್ನ ಪುಸ್ತಕದಲ್ಲಿ ಎಡಗಡೆ ಮರಿಯ ಚಿತ್ರ, ಬಲಗಡೆ ಅದರ ಚಿಟ್ಟೆಯ ಚಿತ್ರ. ಒಂದೇ ಒಂದು ಪುಟದಲ್ಲಿ ಮಾತ್ರ ಎಡಗಡೆ ಮರಿಯಿತ್ತು, ಬಲಗಡೆ ಬರೀ ಬಿಳಿ ಜಾಗ. ನಾನು ಸಾಕಿದ ಆ ಜಾತಿಯ ಮರಿಗಳೆಲ್ಲ ಒಂದೊಂದಾಗಿ ಸತ್ತಿದ್ದವು. ಪ್ರಕಾಶಕರು ಕಾದು ಕಾದು ಸುಸ್ತಾಗಿ, "ಆ ಜಾಗದಲ್ಲಿ ನಿಮ್ದೇ ಒಂದು ಫೋಟೋ ಹಾಕ್ಬಿಡೋಣ್ವಾ ಸಾರ್?" ಎಂದು ಕೇಳಿದರು.

ಅಷ್ಟರಲ್ಲಿ ಕೆ.ಆರ್. ಪುರದ ಆಚೆ, ಒಂದು ಕೆರೆಕೋಡಿಯ ಮರಳಿನಲ್ಲಿ ಅದೇ ಜಾತಿಯ ಗಟ್ಟಿಮುಟ್ಟಾದ ಮರಿಯೊಂದು ಸಿಕ್ಕಿತು. ಟಿಫಿನ್ ಕ್ಯಾರಿಯರ್‌ನಲ್ಲಿ ಹಾಕಿಕೊಂಡು, ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಾಯಿಸಿ, ಒಂದು ಹನಿಯೂ ಚೆಲ್ಲದಂತೆ ಮನೆಗೆ ತಂದೆ. ಪಕ್ಕದ ಸೀಟಿನವರು, "ಊಟ ಬಿಸಿಯಾಗಿದ್ಯಾ ಸಾರ್, ಅಷ್ಟು ಜೋಪಾನ ಮಾಡ್ತಿದ್ದೀರಲ್ಲ" ಎಂದರು. ಹೌದೆಂದೆ. ಮಹಡಿಯ ಮೇಲೆ ಒಂದು ಟಬ್ಬಿಗೆ ಮರಳು ಹಾಸಿ, ನೀರು ತುಂಬಿ, ಹತ್ತಿ ಬರಲು ಒಂದು ಕೋಲು ನೆಟ್ಟು ಅದನ್ನು ಬಿಟ್ಟೆ.

ಆದರೆ ಈ ಮರಿ ಅನ್ನ, ಬಿಸ್ಕತ್ತು ಮುಟ್ಟುವ ಪ್ರಾಣಿಯಲ್ಲ. ಅದಕ್ಕೆ ಮೂಗಿನ ಮುಂದೆ ಅಲ್ಲಾಡುವ ಜೀವಂತ ಊಟವೇ ಆಗಬೇಕು. ಅತಿ ಪ್ರಿಯವಾದದ್ದು ಸೊಳ್ಳೆ ಮರಿ. ಹಾಗಾಗಿ ಪಕ್ಕದಲ್ಲೇ ಇನ್ನೊಂದು ಬಕೆಟ್ಟಿನಲ್ಲಿ ಶಾಸ್ತ್ರೋಕ್ತವಾಗಿ ಸೊಳ್ಳೆ ಸಾಕತೊಡಗಿದೆ! ಹೆದರಬೇಡಿ, ಬಕೆಟ್ಟಿನ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿದಿದ್ದೆ. ದಿನಾ ಬೆಳಿಗ್ಗೆ ವಿಮಲಾಳ ಟೀ ಸೋಸುವ ಜಾಲರಿಯಲ್ಲಿ ಮರಿಗಳನ್ನು ಮೊಗೆದು ಟಬ್ಬಿಗೆ ಬಡಿಸುತ್ತಿದ್ದೆ. ಆ ಜಾಲರಿಯ ವಿಷಯ ತಿಳಿದ ದಿನ ಏನಾಯಿತೆಂಬುದು ಇಲ್ಲಿ ಬೇಡ.

ಚಿಕುನ್‌ಗುನ್ಯಾ ಬಂದ ವರ್ಷ ಅದು. ನಮ್ಮ ಬೀದಿಯಲ್ಲಿ ನೆಟ್ಟಗೆ ನಡೆಯುವವರೇ ಇರಲಿಲ್ಲ. ಪಕ್ಕದ ಮನೆಯ ಷಣ್ಮುಗಂ, ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿ ರಿಟೈರಾದವರು, ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ. ಅವರು ಸೊಂಟ ಹಿಡಿದುಕೊಂಡು ಬಂದು, "ಸಾರ್, ನೀವು ದೊಡ್ಡ ಸೈಂಟಿಸ್ಟು. ಸೊಳ್ಳೆ ಬಗ್ಗೆ ನಮ್ಮ ಜನಕ್ಕೆ ನಾಲ್ಕು ಮಾತು ಹೇಳಿ ಸಾರ್" ಎಂದರು. ನನ್ನನ್ನು ಭಾಷಣಕ್ಕೆ ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ತಕ್ಷಣ ಒಪ್ಪಿಕೊಂಡೆ.

ಗಣಪತಿ ದೇವಸ್ಥಾನದ ಪಕ್ಕ ಶಾಮಿಯಾನ, ಮೈಕು, ಎಳನೀರು. ವೇದಿಕೆಯ ಮೇಲೆ ಹೆಲ್ತ್ ಇನ್ಸ್‌ಪೆಕ್ಟರ್ ಕೂಡ ಇದ್ದರು. ಮೈಕು ಕೈಗೆ ಸಿಕ್ಕಿದ್ದೇ ನನಗೆ ಎಲ್ಲಿಲ್ಲದ ಹುರುಪು ಬಂತು. "ಮಾನ್ಯರೇ! ಸೊಳ್ಳೆ ಆಕಾಶದಿಂದ ಉದುರುವುದಿಲ್ಲ. ನಮ್ಮ ನಿಮ್ಮ ಮನೆಯ ಬಕೆಟ್ಟಿನಲ್ಲೇ ಹುಟ್ಟುತ್ತದೆ!" ಎಂದೆ. ಎರಡನೇ ಸಾಲಿನಲ್ಲಿದ್ದ ವಿಮಲಾ ತಲೆಯೆತ್ತಿ ನೋಡಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನೀರು ನಿಲ್ಲಿಸಿಕೊಂಡವರು ಸಮಾಜದ್ರೋಹಿಗಳು! ಮನೆಮನೆ ತಪಾಸಣೆ ಆಗಲಿ! ನನ್ನ ಮನೆಯಿಂದಲೇ ಶುರುವಾಗಲಿ!" ಎಂದುಬಿಟ್ಟೆ. ಕೈಗೆಣ್ಣು ಊದಿಕೊಂಡವರೂ ಚಪ್ಪಾಳೆ ತಟ್ಟಿದರು. ಭಾನುವಾರ ಬೆಳಿಗ್ಗೆ ಎಂದು ಇನ್ಸ್‌ಪೆಕ್ಟರ್ ಅಲ್ಲೇ ಘೋಷಿಸಿದರು.

ವಿಮಲಾ ಬೆಂಗಳೂರಿಗೆ ಬಂದ ಮೇಲೆ ನಮ್ಮ ಹಾಗೇ ಮಾತಾಡುತ್ತಾಳೆ. ಸಿಟ್ಟು ಬಂದಾಗ ಮಾತ್ರ ಹುಬ್ಬಳ್ಳಿ ಹೊರಗೆ ಬರುತ್ತದೆ. ಮನೆಯ ಬಾಗಿಲು ಹಾಕಿದ್ದೇ ತಡ, ಬಂತು.

"ನಿಮಗ ತಲಿ ನೆಟ್ಟಗೈತೇನ್ರೀ? ಊರ ಮಂದಿ ಸೊಳ್ಳಿ ಹೊಡ್ಯಾಕತ್ತಾರ, ನೀವು ಮನ್ಯಾಗ ಸೊಳ್ಳಿ ಸಾಕಾಕತ್ತೀರಿ! ಮ್ಯಾಲೆ ಇನ್ಸ್‌ಪೆಕ್ಟರ್‌ನ ಕರದು ಬಂದೀರಿ!"

"ಒಂದೂ ಹೊರಗೆ ಹೋಗಲ್ಲ ಕಣೆ, ಪರದೆ ಇದೆ. ಭಾನುವಾರದೊಳಗೆ ಸುರಿದ್ಬಿಡ್ತೀನಿ ಬಿಡು" ಎಂದು ಸಮಾಧಾನ ಮಾಡಿ ಮಹಡಿಗೆ ಹೋದೆ. ಅಲ್ಲಿ ನೋಡಿದರೆ ನಮ್ಮ ಮರಿ ಊಟ ಬಿಟ್ಟಿದೆ! ಮೂಗಿನ ಮುಂದೆ ಸೊಳ್ಳೆ ಮರಿ ಕುಣಿದರೂ ಕಣ್ಣೆತ್ತಿ ನೋಡುತ್ತಿಲ್ಲ. ಚಿಟ್ಟೆಯಾಗುವ ಕಾಲ ಹತ್ತಿರ ಬಂದಾಗ ಇವು ಊಟ ಬಿಡುತ್ತವೆ. ಇನ್ನು ಕೆಲವೇ ದಿನ! ಅಂದಿನಿಂದ ನಾನು ಸ್ಟೂಲು ಹಾಕಿಕೊಂಡು ಟಬ್ಬಿನ ಮುಂದೆಯೇ ಕೂತೆ. ಬಕೆಟ್ಟು ಮೂಲೆಯಲ್ಲಿತ್ತು. ಎಲ್ಲಾದರೂ ಮರಿಗೆ ಮತ್ತೆ ಹಸಿವಾದರೆ ಎಂದು ಸುರಿಯುವುದನ್ನು ಮುಂದೂಡಿದೆ. ಆಮೇಲೆ ಅದು ಇದೆಯೆಂಬುದೇ ಮರೆತುಹೋಯಿತು.

ಆಯುಷ್ಯವೆಲ್ಲ ನೀರಿನ ಹುಳ ಓದಿದವನಿಗೆ ಹೊಳೆಯಬೇಕಾಗಿದ್ದ ಸಣ್ಣ ವಿಷಯವೊಂದಿತ್ತು. ತಿನ್ನುವವನು ಊಟ ಬಿಟ್ಟರೆ ಊಟ ಸುಮ್ಮನೆ ಕೂರುವುದಿಲ್ಲ. ಅದು ದೊಡ್ಡದಾಗುತ್ತದೆ.

ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಷಣ್ಮುಗಂ ಸೀಟಿ ಕೇಳಿದಾಗಲೇ ನನಗೆ ಬಕೆಟ್ಟಿನ ನೆನಪಾದದ್ದು. ಓಡಿದೆ. ಪರದೆಯೊಳಗಿಂದ ಗುಂಯ್ ಎಂಬ ನಾದ ಬರುತ್ತಿತ್ತು. ಬಕೆಟ್ಟು ತುಂಬ ರೆಕ್ಕೆ ಬಂದ ಸೊಳ್ಳೆಗಳು! ಅದನ್ನು ಅಲ್ಲೇ ಬಿಟ್ಟು ಮೇಲೊಂದು ಗೋಣಿಚೀಲ ಮುಚ್ಚಿದ್ದರೆ ನನ್ನ ಮಾನ ಉಳಿಯುತ್ತಿತ್ತೋ ಏನೋ. ನಾನು ಮಾತ್ರ ಕೆಳಗಿನ ಬಚ್ಚಲಲ್ಲಿಟ್ಟು ಬಾಗಿಲು ಹಾಕಿಬಿಡೋಣ ಎಂದು ಬಕೆಟ್ಟು ಎತ್ತಿಕೊಂಡು ಮೆಟ್ಟಿಲಿಳಿದೆ. ಕೆಳಗಿನಿಂದ ಇನ್ಸ್‌ಪೆಕ್ಟರ್, ಅವರ ಹಿಂದೆ ನಿಂತ ನೀರಿಗೆ ಸೊಳ್ಳೆ ಎಣ್ಣೆ ಹೊಡೆಯುವ ಪಂಪು ಹೊತ್ತವನು, ಅವನ ಹಿಂದೆ ಷಣ್ಮುಗಂ, ಅವರ ಹಿಂದೆ ಅರ್ಧ ಬೀದಿ ಹತ್ತಿ ಬರುತ್ತಿತ್ತು. ಪಂಚೆ ಚಪ್ಪಲಿಗೆ ಸಿಕ್ಕಿಕೊಂಡಿತು. ನಾನು ಗೋಡೆ ಹಿಡಿದೆ. ಬಕೆಟ್ಟು ಇನ್ಸ್‌ಪೆಕ್ಟರನ್ನು ಹಿಡಿಯಿತು!

ನೀರು ಅವರ ಪ್ಯಾಂಟಿಗೆ, ಪರದೆ ಅವರ ಹೆಗಲಿಗೆ, ಸೊಳ್ಳೆಗಳು ಸಮಸ್ತ ನಾಗರಿಕರಿಗೆ. ಜನ ಮುಖ ಮುಚ್ಚಿಕೊಂಡು ಒಬ್ಬರ ಮೇಲೊಬ್ಬರು ಹಿಂದೆ ಸರಿದರು. ಆ ಗಲಾಟೆಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. "ಗಾಬರಿಯಾಗಬೇಡಿ! ಇದು ಚಿಕುನ್‌ಗುನ್ಯಾ ಸೊಳ್ಳೆ ಅಲ್ಲ, ಬೇರೆ ಜಾತಿ! ಇದು ರಾತ್ರಿ ಮಾತ್ರ ಕಚ್ಚೋದು!" ಎಂದು ಕೂಗಿದೆ.

"ರಾತ್ರಿ ಕಚ್ಚಿದ್ರೆ ಪರವಾಗಿಲ್ವಾ ಸಾರ್?" ಎಂದರು ಷಣ್ಮುಗಂ. ಅವರ ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು.

ಇನ್ಸ್‌ಪೆಕ್ಟರ್ ಮೇಲೆ ಹೋದರು. ಟಬ್ಬು ಕಂಡರು. "ಇಲ್ಲೂ ನೀರು! ಬಿಡಪ್ಪಾ ಎಣ್ಣೆ" ಎಂದರು. ಪಂಪಿನವನು ಮುಂದೆ ಬಂದ. ನಾನು ಓಡಿದೆ. ಟಬ್ಬಿನ ಮೇಲೆ ಬಗ್ಗಿ ಅಡ್ಡ ನಿಂತೆ.

"ಬೇಡ ಸಾರ್! ಅದರಲ್ಲಿರೋದು ಸೊಳ್ಳೆ ತಿನ್ನೋ ಹುಳ!"

"ಸೊಳ್ಳೆ ತಿನ್ನೋ ಹುಳಕ್ಕೆ ಹಾಕೋಕೆ ಅಂತ ನೀವು ಸೊಳ್ಳೆ ಸಾಕಿದ್ದೀರಾ?"

ನಾನು ಟಬ್ಬನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ.

ಆಗ ವಿಮಲಾ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಬಕೆಟ್ಟಿನ ವಿಷಯದಾಗ ಇವರಿಗೆ ಏನು ಬೇಕಾದ್ದು ಅನ್ರಿ, ನಾನೂ ನಿಮ್ಮ ಜೋಡಿ ಅಂತೀನಿ. ಆದ್ರ ಆ ಟಬ್ಬು ಮುಟ್ಟಬ್ಯಾಡ್ರಿ. ಮದವಿ ಆದಾಗಿಂದ ನೋಡಾಕತ್ತೀನಿ, ಈ ಮನುಷ್ಯಾ ಒಂದು ದೀಪಾವಳಿಗೂ ಒಣಾ ಚಪ್ಪಲಿ ಹಾಕ್ಕೊಂಡು ಮನಿಗೆ ಬಂದಿಲ್ಲ. ಎಲ್ಲಾ ಈ ಹುಳದ ಸಲುವಾಗಿ. ಅದು ಏನಾಗತೈತಿ ಅಂತ ನನಗೂ ನೋಡಬೇಕಾಗೈತಿ."

ಅವಳು ನನ್ನ ಕೆಲಸದ ಪರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇನ್ಸ್‌ಪೆಕ್ಟರ್ ಒದ್ದೆ ಪ್ಯಾಂಟು ಹಿಂಡಿಕೊಂಡರು. "ಸಂಜೆವರೆಗೆ ಬಿಟ್ಟಿರ್ತೀನಮ್ಮ. ಆದ್ರೆ ಮೇಷ್ಟ್ರು ಈಗ ನಮ್ಮ ಜೊತೆ ಬರ್ಬೇಕು. ಅಷ್ಟು ಚೆನ್ನಾಗಿ ಭಾಷಣ ಮಾಡಿದ್ರಲ್ಲ, ಮನೆಮನೆಗೂ ಬಂದು ಅವರೇ ಹುಡುಕಿಕೊಡ್ಲಿ" ಎಂದರು. ಬೇಡವೆನ್ನುವ ಮುಖ ನನಗೆ ಉಳಿದಿರಲಿಲ್ಲ. ವಿಮಲಾ ನನ್ನ ಸ್ಟೂಲಿನ ಮೇಲೆ ಕೊಡೆ ಬಿಚ್ಚಿಕೊಂಡು ಕೂತಳು. ಷಣ್ಮುಗಂ ತಪ್ಪಿಸಿಕೊಂಡ ಸೊಳ್ಳೆಗಳ ಸಂಹಾರಕ್ಕೆಂದು ಹಿಂದೆ ಉಳಿದರು. ನಾನು ಒದ್ದೆ ಪಂಚೆಯಲ್ಲೇ ಬೀದಿಗೆ ಹೊರಟೆ.

ಹತ್ತಿರ ಹತ್ತಿರ ಮಧ್ಯಾಹ್ನಕ್ಕೆ ವಾಪಸಾದಾಗ ಷಣ್ಮುಗಂ ನಮ್ಮ ಗೇಟಿನಲ್ಲೇ ಕಾಯುತ್ತಿದ್ದರು. ಸೊಂಟ ನೋವು ಮರೆತು ನೆಟ್ಟಗೆ ನಿಂತಿದ್ದರು. ಕೈಯಲ್ಲಿ ಕರೆಂಟಿನ ಸೊಳ್ಳೆ ಬ್ಯಾಟು.

"ಸಾರ್, ಬನ್ನಿ ಸಾರ್! ಸೊಳ್ಳೆಗಳ ಅಮ್ಮ ಸಾರ್! ಇಷ್ಟುದ್ದ! ಒಂದೇ ಏಟು, ಚಟಾರ್ ಅಂತು!"

ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದೆ. ವಿಮಲಾ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಮರಿ ಕೋಲು ಹತ್ತಿ ಬಂದಿತಂತೆ. ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂದರೂ ಅವಳು ಕದಲದೆ ಎಲ್ಲ ನೋಡಿದಳಂತೆ. ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳತೊಡಗಿದ ಮೇಲೆ, ನನ್ನನ್ನು ಕೂಗಿ ಕರೆಯೋಣವೆಂದು ಬೀದಿ ಕಡೆಯ ಗೋಡೆಗೆ ಓಡಿದಳಂತೆ. ಆ ಒಂದು ಗಳಿಗೆಯಲ್ಲಿ ಅದು ಮೊದಲ ಸಲ ಹಾರಿ, ನೇರವಾಗಿ ಷಣ್ಮುಗಂ ಬ್ಯಾಟಿಗೆ ಹೋಗಿತ್ತು.

ಷಣ್ಮುಗಂ ಮೇಲೆ ಸಿಟ್ಟು ಮಾಡೋಣವೆಂದರೆ ಅವರ ಕೈಗೆ ಬ್ಯಾಟು ಕೊಡಿಸಿದ್ದೇ ನನ್ನ ಬಕೆಟ್ಟು. ಅಳು ಬಂತು. ಅಳುತ್ತಲೇ ಭೂತಗನ್ನಡಿ ತಂದೆ. ಸತ್ತ ಚಿಟ್ಟೆಯ ಒಂದು ಕಡೆಯ ರೆಕ್ಕೆ ಸುಟ್ಟು ಕರಕಲಾಗಿತ್ತು. ಬಾಲದ ತುದಿ ಮಾತ್ರ ನೆಟ್ಟಗಿತ್ತು. ಈ ಜಾತಿಗಳ ಗುರುತೆಲ್ಲ ಇರುವುದು ಅಲ್ಲೇ. ನೋಡಿದೆ. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ.

"ವಿಮಲಾ, ಈ ಚಿಟ್ಟೆ ನನಗೆ ಗೊತ್ತಿರೋದೇ ಕಣೆ! ಇದರ ಮರಿ ಯಾವುದು ಅಂತ ಮಾತ್ರ ಗೊತ್ತಿರಲಿಲ್ಲ. ಘಟ್ಟದ ತೊರೆಗಳಲ್ಲಿ ಇದರ ಮರಿ ಹುಡುಕಿಕೊಂಡು ಪ್ರತಿ ರಜೆಯಲ್ಲೂ ಹೋಗ್ತಿದ್ನಲ್ಲ?"

"ಮೈತುಂಬ ಜಿಗಣೆ ಕಚ್ಚಿಸ್ಕೊಂಡು ಬರ್ತಿದ್ರಲ್ಲ, ಆ ಹುಳಾನಾ?"

"ಅದೇ. ಇದರ ಮರಿ ಕೆ.ಆರ್. ಪುರದಲ್ಲಿತ್ತು!"

ವಿಮಲಾ ನನ್ನನ್ನೇ ನೋಡಿದಳು. ನಗು ತಡೆಯಲು ಪ್ರಯತ್ನಿಸಿದಳು, ಆಗಲಿಲ್ಲ. ನನಗೂ ಆಗಲಿಲ್ಲ. ಏನೇ ಇರಲಿ, ಪುಸ್ತಕದ ಬಿಳಿ ಜಾಗ ತುಂಬಿತು.

ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹುಳಕ್ಕೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಮೇಲೆ, ಅದರ ಕೆಳಗೆ ಒಂದು ಚೀಟಿ ಇರಬೇಕು. ಎಲ್ಲಿ ಸಿಕ್ಕಿತು, ಹೇಗೆ ಹಿಡಿದದ್ದು, ಯಾರು ಹಿಡಿದದ್ದು. ಸುಳ್ಳು ಬರೆಯುವಂತಿಲ್ಲ. ಷಣ್ಮುಗಂ ಅವರ ಪೂರ್ತಿ ಹೆಸರು ಕೇಳಿದೆ.

"ಕಂಪ್ಲೇಂಟ್ ಕೊಡ್ತೀರಾ ಸಾರ್?" ಎಂದು ಅವರು ಬೆವರಿದರು.

"ಇಲ್ಲ, ಪುಸ್ತಕದಲ್ಲಿ ಬರುತ್ತೆ. ಹಿಡಿದವರು ನೀವು. ವಿಧಾನ, ಕರೆಂಟಿನ ಬ್ಯಾಟು."

ಅವರ ಮುಖ ಅರಳಿತು. "ಹಂಗಾದ್ರೆ ಇನ್ನೊಂದೆರಡು ಹೊಡ್ಕೊಡ್ಲಾ ಸಾರ್?"

ಅವರು ಬೀದಿಗೆಲ್ಲ ಸುದ್ದಿ ಹಂಚಲು ಹೋದ ಮೇಲೆ, ಮರಿ ಚಿಟ್ಟೆಯಾದ ಬಗೆಯನ್ನು ಬರೆದುಕೊಳ್ಳಲು ಕೂತೆ. ಕಣ್ಣಾರೆ ಕಂಡವಳು ವಿಮಲಾ. ಅವಳು ಹೇಳುವುದು, ನಾನು ಬರೆಯುವುದು.

"ಬರ್ಕೊಳ್ಳಿ. ಬೆನ್ನು ಬಿರೀತು. ಆಮೇಲೆ ಹೊಸ ಮದುವಣಗಿತ್ತಿ ಹಾಗೆ ತಲೆ ತಗ್ಗಿಸ್ಕೊಂಡು ಮೆಲ್ಲಗೆ ಹೊರಗೆ ಬಂತು."

"ಹಾಗೆಲ್ಲ ವಿಜ್ಞಾನದಲ್ಲಿ ಬರೆಯೋ ಹಾಗಿಲ್ಲ ಕಣೆ."

"ನೋಡಿದ್ದು ನಾನೋ ನೀವೋ?"

ಬರೆದುಕೊಂಡೆ. ಪುಟ ಮುಗಿದ ಮೇಲೆ ಅವಳು ಅದನ್ನು ಈಸಿಕೊಂಡು ಮೊದಲಿನಿಂದ ಓದಿದಳು. "ಹಿಡಿದದ್ದು ಷಣ್ಮುಗಂ. ನೋಡಿದ್ದು ನಾನು. ನೀವು ಎಲ್ಲಿದ್ರಿ ಅಂತ ಇದರಲ್ಲಿ ಬರ್ದೇ ಇಲ್ವಲ್ರೀ?"

ಬರೆಯಬಹುದಿತ್ತು. ಆಯುಷ್ಯವೆಲ್ಲ ಕಾದ ಹುಳ ಬೆನ್ನು ಬಿರಿದು ಹೊರಬಂದ ಆ ಶುಭ ಮುಹೂರ್ತದಲ್ಲಿ, ಗ್ರಂಥಕರ್ತರು ಪಕ್ಕದ ಬೀದಿಯ ಮನೆಯೊಂದರಲ್ಲಿ, ಒದ್ದೆ ಪಂಚೆಯುಟ್ಟು, ಟಾರ್ಚು ಹಿಡಿದು, ನೀರಿನ ಡ್ರಮ್ಮಿನೊಳಗೆ ತಲೆ ತೂರಿಸಿ ಹುಳ ಹುಡುಕುತ್ತಿದ್ದರು. ಡ್ರಮ್ಮು ಖಾಲಿಯಿತ್ತು!