ಕರಗಿದ್ದು ನೀರಿಗೆ ಬಿದ್ದರೆ

ಬೆಂಕಿಗೂ ಅಂಜದ, ನೀರಿಗೂ ಅಂಜದ, ಆದರೆ ಅವೆರಡೂ ಕೂಡಿದವೆಂದರೆ ಚಪ್ಪಲಿ ಬಿಟ್ಟು ಓಡುವ ಮನುಷ್ಯ ಇಡೀ ಜಮಖಂಡಿಯಲ್ಲಿ ಒಬ್ಬರೇ: ನನ್ನ ಸೋದರಮಾವ! ಸಾಲಿಯಲ್ಲಿ ವಿಜ್ಞಾನ ಕಲಿಸುವ ಮಾಸ್ತರು ಬೇರೆ! ಅತ್ತಿ ಕುಕ್ಕರ್ ಇಟ್ಟರೆ ಸೀಟಿ ಮುಗಿಯುವತನಕ ಅವರು ಹೊರಗಿನ ಕಟ್ಟೆಯ ಮೇಲೆ. 'ಅನ್ನ ಆಗೇದ, ನಾನೂ ಜೀವಂತ ಅದೇನಿ, ಬರ್ರಿ ಒಳಗ' ಎಂದು ಅತ್ತಿ ಕರೆಯಬೇಕು.

ಇಂಥವರ ಮಗಳಿಗೆ ಬಂದ ವರನ ನೌಕರಿ ಎಲ್ಲಿ ಹೇಳಿ? ಕಾರವಾರದ ಕಡೆ, ಅಣುಸ್ಥಾವರದಲ್ಲಿ! ಅದೂ ಜಪಾನಿನ ಸ್ಥಾವರದ ದುರಂತದ ಸುದ್ದಿ ಟೀವಿ ತುಂಬ ಬರುತ್ತಿದ್ದಾಗ. ಒಳಗಿನ ಇಂಧನ ಕರಗಿ ಕೆಳಗಿನ ನೀರಿಗೆ ಬಿದ್ದರೆ ನೀರು ಒಮ್ಮೆಲೇ ಉಗಿಯಾಗಿ ಸಿಡಿಯಬಹುದು ಎಂದು ಟೀವಿಯಲ್ಲಿ ಯಾರೋ ಅಂದದ್ದೇ ತಡ, ಮಾವ ಊಟ ಬಿಟ್ಟರು. ಮಗಳಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಅಪ್ಪ ಒಲ್ಲೆ ಅಂದಾರೆಂದು ಅವಳೂ ಊಟ ಬಿಟ್ಟಳು!

ಮಾತುಕತೆಗೆಂದು ಮುಧೋಳದ ಹತ್ತಿರ ವರನ ಕಾಕಾನ ಬೆಲ್ಲದ ಗಾಣದಲ್ಲಿ ಕೂಡಿದೆವು. ಮಾವ, ಅತ್ತಿ, ವರ, ಕಾಕಾ, ನಾನು. ಕೊಪ್ಪರಿಗೆಯಲ್ಲಿ ಪಾಕ ಕೊತಕೊತ ಕುದಿಯುತ್ತಿತ್ತು. ಹದ ನೋಡಲು ಕಾಕಾ ಒಂದಿಷ್ಟು ಪಾಕ ಎತ್ತಿ ತಣ್ಣೀರಿನ ಬೋಗುಣಿಗೆ ಬಿಡಬೇಕು, ಅಷ್ಟರಲ್ಲಿ ಮಾವ ಜಿಗಿದರು.

'ಏ! ನೀರಾಗ ಹಾಕಬ್ಯಾಡ್ರಿ!'

ಬೋಗುಣಿ ಮಗುಚಿತು. ಮತ್ತೆ ನೀರು ತರುವಷ್ಟರಲ್ಲಿ ಹದ ಮೀರಿ ಬೆಲ್ಲವೆಲ್ಲ ಕಪ್ಪಾಯಿತು.

'ಮಾಸ್ತರ, ನಮ್ಮಪ್ಪನ ಕಾಲದಿಂದ ಹಿಂಗ ಹದಾ ನೋಡ್ತೀವಿ. ಇವತ್ತೇ ಮೊದಲ ಅಪಘಾತ! ಅದೂ ನೀರು ಇಲ್ಲದ್ದಕ್ಕ!' ಎಂದರು ಕಾಕಾ.

ಎಲ್ಲರೂ ನಕ್ಕೆವು. ವರ ಮಾತ್ರ ನಗಲಿಲ್ಲ. 'ನಮ್ಮಲ್ಲೂ ಹಂಗ ರೀ. ನೀರು ಇಲ್ಲಂದ್ರ ಇಂಧನ ಕರಗತದ. ಕರಗಿದ ಮ್ಯಾಲೆ ನೀರಿಂದೇ ಅಂಜಿಕಿ.'

ಮಾವ ಹತ್ತಿರ ಸರಿದರು. 'ತಮ್ಮಾ, ಖರೆ ಹೇಳು. ಬಿದ್ರ ಸಿಡೀತದೋ ಇಲ್ಲೋ?'

'ಇಲ್ಲ ಅನ್ನು' ಎಂದು ಅತ್ತಿ ಮಾವನ ಹಿಂದಿನಿಂದ ವರನಿಗೆ ಕಣ್ಸನ್ನೆ ಮಾಡಿದಳು.

'ಪ್ರತಿ ಸಲ ಸಿಡಿಯೂದಿಲ್ರಿ. ಸಿಡಿಯೂದೇ ಇಲ್ಲ ಅಂತ ಹೇಳಾಕ ಬರಾಂಗಿಲ್ಲ. ಕರಗದಂಗ ಕಾಯೂದೇ ನಮ್ಮ ಕೆಲಸ.'

'ನಿನಗ ಅಂಜಿಕಿ ಆಗೂದಿಲ್ಲೇನು?'

'ದಿನಾ ಆಗತದ್ರಿ.'

ಮಾವ ಅತ್ತಿಯ ಕಡೆ ತಿರುಗಿದರು. 'ಇವಗೇ ಕೊಡೂಣು. ಅಂಜಾಂವ ಕಣ್ಣು ತೆರೆದು ಕೆಲಸಾ ಮಾಡ್ತಾನ.'

'ಅಯ್ಯ! ನನ್ನ ಮಗಳಿಗೂ ನಿಮ್ಮಂಥಾಂವನ ಸಿಕ್ಕನಲ್ಲ!' ಅತ್ತಿ ಹಣೆ ಬಡಿದುಕೊಂಡಳು.

ಮದುವೆಯಾಯಿತು. ಪಾಳಿ ಮುಗಿಸಿ ಮನೆ ಸೇರಿದೊಡನೆ ಅಳಿಯ ಮಾವನಿಗೊಂದು ಫೋನ್ ಹಚ್ಚುವುದು ರೂಢಿಯಾಯಿತು. ಒಂದು ಸಂಜೆ ಫೋನ್ ಬರಲಿಲ್ಲ. ಮಾವ ಫೋನಿನ ಮುಂದೆ, ಅತ್ತಿ ದೇವರ ಮುಂದೆ ಕುಳಿತರು. ಕತ್ತಲಾದ ಮೇಲೆ ಫೋನ್ ಗಣಗುಟ್ಟಿತು.

'ದಾರ್‍ಯಾಗ ಬಸ್ ಕೆಟ್ಟಿತ್ರಿ. ಈಗ ಬಂದ್ನಿ.'

ಮಾವ ಫೋನನ್ನು ಅತ್ತಿಯ ಕಿವಿಗೆ ಹಿಡಿದರು.

'ಉಂಡ್ಯೇನಪಾ?' ಅಂದಳು ಅತ್ತಿ.