ಮೆಣಸಿನ ಗಿಡಕ್ಕೆ ಹೇರ್‌ಕಟ್

ಮೊದಲೇ ಹೇಳಿಬಿಡ್ತೀನಿ, ಈ ಕತೇಲಿ ಹೀರೋನೇ ಗೆಲ್ಲೋದು. ಸೂರ್ಯ ಮುಳುಗೋದ್ರೊಳಗೆ ಅತ್ತೆ ತಮ್ಮ ಕೈಯಾರೆ ಪಕ್ಕದ ರೂಮಿನ ಬೀಗ ತೆಗೀತಾರೆ. ಸೋಲೋ ಹೀರೋ ಕತೆ ಹೇಳೋ ಜಾಯಮಾನವೇ ನಂದಲ್ಲ.

ಹೀರೋ ಅಂದ್ರೆ ಕಟಿಂಗ್ ಶಾಪಿನವನು. ಬೀದಿಗೆಲ್ಲ 'ಕತ್ತರಿ ಕಿಂಗ್'. ಅವನು ಕತ್ತರಿ ಎತ್ತಿದ್ರೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ತಾನಾಗೇ ಶುರುವಾಗುತ್ತೆ. ಅಂಗಡಿ ಮಾತ್ರ ಬೆಂಕಿಪೊಟ್ಟಣ, ಒಂದೇ ಕುರ್ಚಿ. ಪಕ್ಕದ ಖಾಲಿ ರೂಮು ಅತ್ತೇದು. ಅಲ್ಲಿ ಎರಡನೇ ಕುರ್ಚಿ ಹಾಕ್ಬೇಕು ಅನ್ನೋದೇ ಅವನ ಜೀವಮಾನದ ಆಸೆ.

ಅತ್ತೆ ಚಿಕ್ಕ ಮಗಳ ಮನೆಗೆ ಹೊರಟಾಗ ಅಂಗಡಿ ಬಾಗಿಲಲ್ಲಿ ಒಂದು ಕುಂಡ ತಂದಿಟ್ಟಿದ್ರು.

"ಅಳಿಯಂದ್ರೇ, ಜನ ಮೆಣಸಿನ ಗಿಡಾನ ಒಂದು ಬೆಳೆ ತಗೊಂಡು ಕಿತ್ತೆಸೀತಾರೆ. ಇದನ್ನ ಐದು ವರ್ಷದಿಂದ ಮಗು ಥರ ಸಾಕಿದೀನಿ. ವಾಪಸ್ ಬಂದಾಗ ಚೆನ್ನಾಗಿದ್ರೆ ರೂಮು ನಿಮ್ದು."

ಅತ್ತೆ ವಾಪಸ್ ಬರೋ ದಿನ ಇವತ್ತೇ. ಬೆಳಿಗ್ಗೆ ಕಿಂಗ್ ನೋಡ್ತಾನೆ, ಒಂದು ರೆಂಬೆ ನಿದ್ದೆಯಿಂದ ಎದ್ದವನ ಜುಟ್ಟಿನ ಥರ ಸೆಟೆದುಕೊಂಡಿದೆ. "ಅತ್ತೆ ಮುಂದೆ ಹೀಗೆ ನಿಲ್ತೀಯಾ?" ಅಂದ. ಕಚಕ್!

ಕುರ್ಚೀಲಿ ಮುಖಕ್ಕೆಲ್ಲ ನೊರೆ ಹಚ್ಕೊಂಡು ಕೂತಿದ್ದ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ತಿರುಗಿ ನೋಡಿದ್ರು. "ಕಿಂಗೂ, ಎಡಗಡೆ ಎತ್ತರ ಆಯ್ತಲ್ಲೋ."

ಎಡಗಡೆ ಕಚಕ್.

ಎದುರಿನ ಇಸ್ತ್ರಿಯವನು ಕೆಲಸ ಬಿಟ್ಟು ಓಡಿಬಂದ. "ಈಗ ಬಲಗಡೆ ಗುಡ್ಡ ಕಣಣ್ಣ!"

ಬಲಗಡೆ ಕಚಕ್. ಎರಡೂ ಕಡೆ ಸಮ ಆಗೋವರೆಗೂ ಕತ್ತರಿ ಕೆಳಗಿಟ್ಟು ಗೊತ್ತಿಲ್ಲದ ಕೈ ಅದು. ಮೇಷ್ಟ್ರು ಎಡ ಅಂತಾರೆ, ಇಸ್ತ್ರಿಯವನು ಬಲ ಅಂತಾನೆ. ಕಡೆಗೆ ಕುಂಡದಲ್ಲಿ ಉಳಿದಿದ್ದು ಗೇಣುದ್ದದ ಕಾಂಡ, ಒಂದು ಕವಲು, ನಾಲ್ಕು ಗಿಣ್ಣು.

"ಕವಣೆ ಮಾಡೋಕೆ ಸೂಪರಾಗಿದೆ," ಅಂದ ಇಸ್ತ್ರಿಯವನು.

ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಲು. "ಅಯ್ಯೋ! ಏನ್ರೀ ಇದು, ನಮ್ಮಮ್ಮನ ಗಿಡಾನ ಬೋಳಿಸಿಬಿಟ್ರಾ?"

ಕಿಂಗ್ ಕುತ್ತಿಗೆ ಓರೆ ಮಾಡಿ, ಕತ್ತರಿ ಗಿರಗಿರ ತಿರುಗಿಸಿದ. "ಬೋಳು ತಲೆಗಳಿಗೆ ವಿಗ್ ಕೂರಿಸಿರೋ ಕೈ ಕಣೇ ಇದು. ಗಿಡ ಯಾವ ಲೆಕ್ಕ?"

ಶುರುವಾಯ್ತು ನೋಡಿ. ಬಿದ್ದ ರೆಂಬೆಗಳನ್ನ ಮೇಷ್ಟ್ರು ಎತ್ತಿಕೊಟ್ರು, ಹೆಂಡತಿ ತಲೆಯಿಂದ ಕ್ಲಿಪ್ಪು ಕಿತ್ತುಕೊಟ್ಲು, ಕಿಂಗ್ ಎಲ್ಲಾನೂ ಕಾಂಡದ ಮೇಲೆ ವಿಗ್ ಥರ ಕೂರಿಸಿ ದಾರದಲ್ಲಿ ಕಟ್ಟಿದ, ಮೇಲೆ ಅರ್ಧ ಡಬ್ಬಿ ಹೇರ್‌ಸ್ಪ್ರೇ ಹೊಡೆದ.

"ಬಾಡಿರೋ ಎಲೆಗೆ ಇಸ್ತ್ರಿ ಹಾಕ್ಲಾ ಅಣ್ಣ?"

"ಮುಟ್ಟಿದ್ರೆ ನಿನ್ನ ಹುಬ್ಬು ಬೋಳಿಸ್ತೀನಿ!"

ಸಂಜೆ ಅತ್ತೆ ಎಂಟ್ರಿ. ಬ್ಯಾಗು ಕೂಡ ಇಳಿಸದೆ ಗಿಡದ ಸುತ್ತ ಒಂದು ರೌಂಡು ಹಾಕಿದ್ರು. ಮುಖ ಸಪ್ಪಗಾಯ್ತು. "ಇದಕ್ಕೆ ಕತ್ತರಿ ಸೋಕಿಸೇ ಇಲ್ವಾ ಅಳಿಯಂದ್ರೇ?"

"ಸೋಕಿಸಿದ್ರೆ ಕೇಳಿ ಅತ್ತೆ! ನನ್ನ ಕುರ್ಚಿ ಆಣೆ!"

"ಹಾಳಾಯ್ತು! ವರ್ಷಕ್ಕೊಂದ್ಸಲ ಈ ಕಾಲದಲ್ಲೇ ಗೇಣುದ್ದಕ್ಕೆ ಕತ್ತರಿಸ್ಬೇಕು. ಆಗ್ಲೇ ಗಿಣ್ಣಿಂದ ಹೊಸ ಚಿಗುರು ಬರೋದು. ಐದು ವರ್ಷ ಬದುಕಿದ್ದು ಸುಮ್ನೇನಾ? ಕತ್ತರಿ ಕೆಲಸದವರು, ಅಷ್ಟೂ ಹೊಳೀಲಿಲ್ವಾ?"

ಕಿಂಗ್ ಕಣ್ಣಲ್ಲಿ ದೀಪ ಹತ್ತಿಕೊಂಡ್ತು. "ಕತ್ತರಿಸಿದೀನಿ ಅತ್ತೆ! ಗೇಣುದ್ದಕ್ಕೇ!"

"ಈಗ ತಾನೇ ಆಣೆ ಹಾಕಿದ್ರಿ?"

"ಅದು ಡೈಲಾಗ್ ಅತ್ತೆ! ಸೀನ್ ಇಲ್ಲಿದೆ ನೋಡಿ!" ಅಂತ ಗಿಡದ ತಲೆ ಹಿಡಿದು ಎಳೆದ. ವಿಗ್ ಕಿತ್ತು ಬಂತು. ಕ್ಲಿಪ್ಪುಗಳು ಟಪಟಪ ಉದುರಿದವು.

ಅತ್ತೆ ಬಗ್ಗಿ ನೋಡಿದ್ರು. "ಅಬ್ಬಾ, ಎಂಥಾ ಕಟಿಂಗು! ನನ್ನ ಕೈಲೂ ಇಷ್ಟು ನೀಟಾಗಿ ಆಗಲ್ಲ." ಸೊಂಟದಿಂದ ರೂಮಿನ ಕೀಲಿ ಹೊರಗೆ ಬಂತು. ಕಿಂಗ್ ಎದೆ ಬಾಗಿಲಷ್ಟು ಅಗಲ ಆಯ್ತು.

ಇನ್ನೊಂದು ಕೈ ಗಿಣ್ಣು ಸವರಿತು. "ಇದೇನು ಅಂಟು?"

"ಹೇರ್‌ಸ್ಪ್ರೇ ಅತ್ತೆ... ಒಳ್ಳೇ ಕಂಪನೀದು."

ಅತ್ತೆ ಸೆಟೆದು ನಿಂತ್ರು. "ಕತ್ತರಿಸಿದ ಕೈಗೆ ರೂಮು ಕೊಡ್ತಿದ್ದೆ. ಅಂಟಿಸಿದ ಬುದ್ಧಿಗೆ ಕೊಡಲ್ಲ."

ಬೀಗ ತೆಗೆದದ್ದು ನಿಜ, ಅದೂ ತಮ್ಮ ಕೈಯಾರೆ. ಆದ್ರೆ ಒಳಗೆ ಹೋಗಿದ್ದು ಕುರ್ಚಿ ಅಲ್ಲ, ಕುಂಡ. ಹೀರೋ ಗೆಲ್ತಾನೆ ಅಂತ ನಾನು ಬಿಟ್ಟಿದ್ದು ಬರೀ ಬಿಲ್ಡಪ್ಪು. ರೂಮು ಈಗ ಗಿಡದ್ದು, ಕಿಟಕಿಯಿಂದ ಬಿಸಿಲು ಚೆನ್ನಾಗಿ ಬೀಳುತ್ತಂತೆ. ಕಿಂಗ್ ದಿನಾ ಬೆಳಿಗ್ಗೆ ಹೋಗಿ ಒದ್ದೆ ಹತ್ತೀಲಿ ಗಿಣ್ಣು ಒರೆಸಿ ಬರ್ತಾನೆ. ಅದೂ ಬಾಗಿಲಲ್ಲಿ ಅತ್ತೆ ಅವನ ಜೇಬು ತಡಕಿ, ಕತ್ತರಿ ಕಿತ್ತಿಟ್ಕೊಂಡ ಮೇಲೆ.