ಪೋರ್ಚುಗೀಸ್ ಮಠದ ವಾಸ್ತು

ಬಿಟ್ಟುಹೋದದ್ದು ಎರಡೇ ಅಕ್ಷರ. ಆ ಎರಡಕ್ಷರ ಶಂಭುಲಿಂಗನ ಮೂರು ವರ್ಷದ ತಪಸ್ಸನ್ನು ಬೆಳಗಿನ ಏಳು ಗಂಟೆಗೇ ಮಣ್ಣುಪಾಲು ಮಾಡಲು ಹೊರಟಿತ್ತು.

ಕರಪತ್ರದಲ್ಲಿ ಇರಬೇಕಾದದ್ದು ‘ಹಳೆಯ ಪೋರ್ಚುಗೀಸ್ ಮಠಗಳ ವಾಸ್ತುಶಿಲ್ಪ’. ಅಚ್ಚಾಗಿದ್ದು ‘ಹಳೆಯ ಪೋರ್ಚುಗೀಸ್ ಮಠಗಳ ವಾಸ್ತು’. ಕೆಳಗೆ ‘ಉಪನ್ಯಾಸ: ಶಂಭುಲಿಂಗ, ನಿವೃತ್ತ ನಕ್ಷೆಗಾರರು. ಸಂಜೆ ನಾಲ್ಕಕ್ಕೆ, ಇತಿಹಾಸ ಬಳಗದ ಸಭಾಂಗಣ, ಶಿರಸಿ’. ಅದರ ಕೆಳಗೆ ಅವನ ಮನೆ ವಿಳಾಸ, ಮೊಬೈಲ್ ನಂಬರು.

“ಒಂದೇ ಸಾಲಲ್ಲಿ ಹಿಡಿಲಿಲ್ಲ ಶಂಭಣ್ಣ,” ಎಂದ ನವೀನ ಫೋನಿನಲ್ಲಿ. ಇತಿಹಾಸ ಬಳಗದ ಕಾರ್ಯದರ್ಶಿ ಅವನು, ಕರಪತ್ರ ಮಾಡಿಸಿದವನೂ ಅವನೇ. “ಶಿಲ್ಪ ತೆಗೆದೆ. ಎಂತ ಆಗ್ತದೆ? ಅರ್ಥ ಅದೇ ಅಲ್ದಾ?”

“ಅದೇ ಅಲ್ಲ ಮಾರಾಯ! ನಾನು ಕಟ್ಟಡದ ಕಲೆ ಹೇಳೋನು. ಪಾಯಖಾನೆ ಯಾವ ದಿಕ್ಕಿಗೆ ಅಂತ ಹೇಳೋನಲ್ಲ!”

“ಜನ ಬರ್ತಾರೆ ಬಿಡಿ,” ಎಂದು ನವೀನ ಫೋನ್ ಇಟ್ಟ.

ಶಂಭುಲಿಂಗನ ಸಿಟ್ಟಿಗೆ ಕಾರಣವಿತ್ತು. ಮೂರು ವರ್ಷದ ಹಿಂದೆ ನೆಂಟರ ಜೊತೆ ಗೋವಾಕ್ಕೆ ಹೋದಾಗ ಎಲ್ಲರೂ ಸಮುದ್ರಕ್ಕಿಳಿದರೆ, ಇವನೊಬ್ಬ ಹಳೇ ಗೋವಾದ ಗುಡ್ಡದ ಮೇಲೆ, ಪಾಳುಬಿದ್ದ ಅಗಸ್ಟೀನ್ ಪಂಥದ ಕ್ರೈಸ್ತ ಮಠದ ಮುಂದೆ ನಿಂತುಬಿಟ್ಟಿದ್ದ. ನಲವತ್ತಾರು ಮೀಟರ್ ಎತ್ತರಕ್ಕೆ ಕೆಂಪು ಚಿರೆಕಲ್ಲಲ್ಲಿ ಕಟ್ಟಿದ ಗಂಟೆಗೋಪುರ. ಅರ್ಧ ಸೀಳಿ ಬಿದ್ದಿದೆ, ಉಳಿದರ್ಧ ಯಾರ ಹಂಗೂ ಇಲ್ಲದೆ ನಿಂತಿದೆ. ಆ ಜಂಬ ಅವನಿಗೆ ಹಿಡಿಸಿತು. ಅಂದಿನಿಂದ ಗೋವಾದ್ದಷ್ಟೇ ಅಲ್ಲ, ಪೋರ್ಚುಗಲ್ಲಿನ ಮಠಗಳ ಚರಿತ್ರೆಯನ್ನೂ ಓದಿ, ಒಂದೊಂದರ ನಕ್ಷೆಯನ್ನೂ ಬರೆದು ಮನೆಯ ಗೋಡೆ ತುಂಬಿಸಿದ.

ಕೇಳುವವರು ಬೇಕಲ್ಲ? ಸಿದ್ದಾಪುರದಲ್ಲಿ ಉಪನ್ಯಾಸದ ಹನ್ನೆರಡನೇ ನಿಮಿಷಕ್ಕೆ ಕರೆಂಟ್ ಹೋಯಿತು. ಯಲ್ಲಾಪುರದಲ್ಲಿ ಅಧ್ಯಕ್ಷರೇ ಮುಕ್ಕಾಲು ಗಂಟೆ ಮಾತಾಡಿ, ಇವನ ಕೈಯಲ್ಲಿ ವಂದನಾರ್ಪಣೆ ಮಾಡಿಸಿದರು. ಮಂಚಿಕೇರಿಯಲ್ಲಿ “ಎಲೆ ಹಾಕಿದ್ದಾರೆ, ಏಳಿ” ಎಂದು ಯಾರೋ ಕೂಗಿದ್ದೇ ಸಭೆ ಖಾಲಿ. ನಲವತ್ತೈದು ನಿಮಿಷದ ಉಪನ್ಯಾಸವನ್ನು ಪೂರ್ತಿ ಕೇಳಿದ ಜೀವ ಲೋಕದಲ್ಲಿ ಒಂದೇ, ಹೆಂಡತಿ ಸೌಮ್ಯ. ಅವಳೂ ಕೇಳಿದ್ದು ತೆಂಗಿನಕಾಯಿ ತುರಿಯುತ್ತ, ತಪ್ಪಿಸಿಕೊಳ್ಳಲು ದಾರಿಯಿಲ್ಲದೆ.

“ಇವತ್ತು ಮುಗಿಸೇ ಮುಗಿಸ್ತೆ,” ಎಂದ ಶಂಭುಲಿಂಗ. “ಆಕಾಶ ಕಳಚಿ ಬೀಳ್ಲಿ. ನೀನೂ ಬಾ.”

“ನಾ ಬರದಿಲ್ಲ. ನಂಗೆ ಅದು ಬಾಯಿಪಾಠ ಆಗಿದೆ. ದೋಸೆಗೆ ರುಬ್ಬದು ಬಾಕಿ ಉಂಟು.”

ಮಧ್ಯಾಹ್ನದೊಳಗೆ ಇಪ್ಪತ್ತೆಂಟು ಫೋನು ಬಂದವು. ಒಬ್ಬರಿಗೆ ಬಾವಿ ಎಲ್ಲಿ ತೋಡಬೇಕೆಂಬ ಚಿಂತೆ, ಇನ್ನೊಬ್ಬರಿಗೆ ಮೆಟ್ಟಿಲ ಲೆಕ್ಕ. ಎಲ್ಲರಿಗೂ ಒಂದೇ ಉತ್ತರ: “ಗೊತ್ತಿಲ್ಲ. ಗೊತ್ತಿದ್ರೂ ಹೇಳದಿಲ್ಲ!” ಈ ಮಾತೇ ಮುಳುವಾಯಿತು. ಇಷ್ಟು ಬಿಗಿಯಾಗಿ ಮುಚ್ಚಿಡುತ್ತಾರೆಂದರೆ ಒಳಗೆ ಏನೋ ದೊಡ್ಡ ಗುಟ್ಟಿದೆ ಎಂದು ಊರು ತೀರ್ಮಾನಿಸಿತು. ಪಕ್ಕದ ಮನೆಯ ಮಮತಾ ಬೇಲಿ ದಾಟಿ ಬಂದೇಬಿಟ್ಟಳು.

“ಶಂಭಣ್ಣ, ನಮ್ಮನೆ ಅಡುಗೆಮನೆ ಬಾಗಿಲೊಂದು ನೋಡಿ ಹೋಗಿ. ಪೋರ್ಚುಗೀಸರದ್ದು ಇಲ್ಲಿಯವರದ್ದಕ್ಕಿಂತ ಬಲ ಜಾಸ್ತಿಯಂತೆ.”

“ನಿನ್ನ ಬಾಗಿಲು ಎತ್ತ ಬೇಕಾದ್ರೂ ತಿರುಗ್ಲಿ ಮಮತಾ, ನಾನು ತಿರುಗದಿಲ್ಲ!” ಎಂದು ಶಂಭುಲಿಂಗ ನಕ್ಷೆಗಳ ಸುರುಳಿ ಬಗಲಲ್ಲಿಟ್ಟು ಹೊರಟ.

ಸಭಾಂಗಣ ಕಿಕ್ಕಿರಿದಿತ್ತು. ಬಳಗದ ಕಾರ್ಯಕ್ರಮಕ್ಕೆ ಆರು ಜನ ಬಂದರೆ ಹಬ್ಬ. ಇವತ್ತು ಕಿಟಕಿಯಲ್ಲೂ ತಲೆಗಳು. ಮುಂದಿನ ಸಾಲಿನಲ್ಲಿ ಗುಡ್ನಾಪುರದಿಂದ ಬಸ್ಸು ಹಿಡಿದು ಬಂದಿದ್ದ ಕಲ್ಲವ್ವ ಎಂಬ ಮುದುಕಿ, ಬಟ್ಟೆಚೀಲ ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕುಳಿತಿದ್ದಳು.

ಶಂಭುಲಿಂಗ ಮೈಕು ಹಿಡಿದವನೇ ಗುಡುಗಿದ. “ಮೊದಲೇ ಹೇಳ್ತೆ. ನಂಗೆ ವಾಸ್ತು ಗೀಸ್ತು ಗೊತ್ತಿಲ್ಲ. ನಾನು ಹೇಳೋದು ಚರಿತ್ರೆ. ಬೇಡ ಅಂದೋರು ಈಗಲೇ ಏಳಿ!”

ಯಾರೂ ಏಳಲಿಲ್ಲ. ದೊಡ್ಡವರು ಹೀಗೇ ಮಾತಾಡುವುದು ಎಂದು ಪಿಸುಗುಟ್ಟಿ, ಪೆನ್ನು ತೆಗೆದರು.

ಅವನು ಮಠದ ನಡುವಿನ ಅಂಗಳ, ಸುತ್ತಲ ಕಮಾನಿನ ಪಡಸಾಲೆ ವರ್ಣಿಸಿದ. ಜನ ಬರೆದುಕೊಂಡರು. ಪೋರ್ಚುಗಲ್ಲಿನ ಅಲ್ಕೊಬಾಸಾ ಮಠದ ಅಡುಗೆಮನೆಯ ಒಳಗೇ ಹೊಳೆಯಿಂದ ಕಾಲುವೆ ಹರಿಸಿದ್ದರು ಎಂದದ್ದೇ ತಡ, ಮಮತಾ ಎದ್ದು ನಿಂತಳು.

“ನೀರು ಯಾವ ದಿಕ್ಕಿಂದ ಒಳಗೆ ಬರ್ತಿತ್ತು ಶಂಭಣ್ಣ?”

“ಎತ್ತರದ ಕಡೆಯಿಂದ ತಗ್ಗಿನ ಕಡೆಗೆ! ಎಲ್ಲಾ ನೀರೂ ಬರೋ ಹಾಗೆ!”

“ಎತ್ತರ ಅಂದ್ರೆ ಈಶಾನ್ಯವಾ?”

ಶಂಭುಲಿಂಗ ಹಲ್ಲು ಕಚ್ಚಿ ಮುಂದೆ ಹೋದ. ಇಪ್ಪತ್ತನೇ ನಿಮಿಷ ದಾಟಿತು, ಇಪ್ಪತ್ತೈದೂ ದಾಟಿತು. ಹಿಂದೆಂದೂ ಇಷ್ಟು ದೂರ ಬಂದವನಲ್ಲ. ಎದೆ ಉಬ್ಬಿ ಬಂತು. ಗೋವಾದ ಮಠ ಬಿದ್ದ ಭಾಗಕ್ಕೆ ಬಂದಾಗ ಹಿಂದಿನಿಂದ ಯಾರೋ “ಬಾಗಿಲು ದಕ್ಷಿಣಕ್ಕಿತ್ತಾ?” ಎಂದು ಕೂಗಿದರು.

“ಬಾಗಿಲಿಂದ ಬಿದ್ದದ್ದಲ್ಲ!” ಶಂಭುಲಿಂಗ ಮೇಜು ಗುದ್ದಿದ. “ಹದಿನೆಂಟುನೂರ ಮೂವತ್ತೈದರಲ್ಲಿ ಸರ್ಕಾರ ಮಠದವರನ್ನೆಲ್ಲ ಹೊರಗೆ ಹಾಕ್ತು. ಏಳು ವರ್ಷ ಮಾಡು ಸೋರಿದ್ರೂ ನೋಡೋರಿಲ್ಲ. ತೇವ ಹಿಡೀತು, ಬಿರುಕು ಬಿಡ್ತು, ಚಾವಣಿ ಧೊಪ್ಪಂತ ಕೆಳಗೆ ಬಂತು. ಹೆಂಗೆ ಅಂದ್ರೆ, ಅಲ್ಲಿ ನೋಡಿ, ಹಿಂಗೆ!” ಎಂದು ಬೆರಳು ಮೇಲಕ್ಕೆತ್ತಿದ.

ಎಲ್ಲರೂ ಮೇಲೆ ನೋಡಿದರು. ಸಭಾಂಗಣದ ಚಾವಣಿಯಲ್ಲಿ ತೇವದ ಕಂದು ಕಲೆ, ನಡುವೆ ಬಿರುಕು. ಮೇಜು ಗುದ್ದಿದ್ದಕ್ಕೋ ಏನೋ, ಹಪ್ಪಳದಷ್ಟು ಗಾರೆ ಕಳಚಿ ನವೀನನ ತೊಡೆಯ ಮೇಲೆ ಬಿತ್ತು.

ಎರಡು ನಿಮಿಷದಲ್ಲಿ ಸಭಾಂಗಣ ಖಾಲಿ. ಕಾರ್ಯದರ್ಶಿಯೇ ಎಲ್ಲರಿಗಿಂತ ಮುಂದೆ ಓಡಿದ್ದ. ಹೊರಗೆ ಮಮತಾಳ ದನಿ ಕೇಳಿಸಿತು: “ಕರಪತ್ರದಲ್ಲಿ ಅವರ ಮನೆ ವಿಳಾಸ ಉಂಟು, ಬನ್ನಿ ನನ್ನ ಹಿಂದೆ!” ಆ ಗಲಾಟೆಯಲ್ಲಿ ಶಂಭುಲಿಂಗನ ಲಕ್ಷ್ಯ ಅತ್ತ ಹೋಗಲಿಲ್ಲ.

ಏಕೆಂದರೆ ಕಲ್ಲವ್ವ ಎದ್ದಿರಲಿಲ್ಲ. ಕೂತಲ್ಲೇ ಕೂತು ಅವನನ್ನೇ ನೋಡುತ್ತಿದ್ದಳು.

ಒಬ್ಬರಿದ್ದರೂ ಸಭೆಯೇ. ಗಾರೆಯ ಚೂರನ್ನು ಕಾಲಲ್ಲಿ ಸರಿಸಿ ಶಂಭುಲಿಂಗ ಮುಂದುವರಿಸಿದ. ಚಾವಣಿ ಹೋದರೂ ಗೋಪುರ ಬಗ್ಗಲಿಲ್ಲ ಎಂದ. ಮಳೆ, ಗಾಳಿ, ಸರ್ಕಾರ ಯಾವುದಕ್ಕೂ ಸೊಪ್ಪು ಹಾಕದೆ ಇವತ್ತಿಗೂ ನಿಂತಿದೆ ಎಂದ. ಕೊನೆಯ ವಾಕ್ಯ ಹೇಳಿ ಗಡಿಯಾರ ನೋಡಿದ. ನಲವತ್ತೈದು! ಅವನ ಕಣ್ಣು ಒದ್ದೆಯಾಯಿತು.

“ಅಮ್ಮಾ, ಚರಿತ್ರೆ ಕೇಳೋಕೆ ನೀವೊಬ್ಬರಾದ್ರೂ ಕೂತ್ರಲ್ಲ. ಎಂತಾದ್ರೂ ಕೇಳೋದಿದ್ರೆ ಕೇಳಿ.”

“ಐತ್ರೀ,” ಎಂದಳು ಕಲ್ಲವ್ವ. ಚೀಲದಿಂದ ಸ್ಟೀಲ್ ತಟ್ಟೆ ಹೊರತೆಗೆದಳು. “ಮಠ ಅಂತ ಚೀಟ್ಯಾಗ ಬರದಿತ್ತಲ್ರಿ. ಪ್ರಸಾದ ಎಷ್ಟೊತ್ತಿಗ್ರಿ? ಮುಂಜಾನಿಂದ ಹೊಟ್ಟಿಗೆ ಏನೂ ಇಲ್ರಿ.”

ಶಂಭುಲಿಂಗನಿಗೆ ಗೋಪುರದ ಉಳಿದರ್ಧವೂ ಬಿದ್ದಂತಾಯಿತು. ಆದರೂ ಹಸಿದ ಮುದುಕಿಯನ್ನು ಬಿಡುವುದುಂಟೇ? “ನಡೀರಿ ನಮ್ಮನೆಗೆ. ದೋಸೆ ಉಂಟು,” ಎಂದ. ಸೋಲು ಒಪ್ಪಿಕೊಳ್ಳುವ ಆಸಾಮಿಯಲ್ಲ. ದಾರಿಯುದ್ದಕ್ಕೂ ಪೋರ್ಚುಗಲ್ಲಿನ ಇನ್ನೊಂದು ಮಠ, ಬಟಾಲ್ಯಾದ ಕತೆ ಹೇಳಿದ. ದೋಸೆಯ ಆಸೆಗೆ ಕಲ್ಲವ್ವ ಎಲ್ಲದಕ್ಕೂ “ಹೌದ್ರಿ” ಎಂದಳು.

ಮನೆಯ ಅಂಗಳದ ತುಂಬ ಚಪ್ಪಲಿಗಳಿದ್ದವು. ಒಳಗೆ ಕಾಲಿಡಲು ಜಾಗವಿಲ್ಲ. ಇಡೀ ಸಭೆ ಅಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿತ್ತು. ಗೋಡೆಯ ನಕ್ಷೆಗಳ ಮುಂದೆ ನಿಂತು ಸೌಮ್ಯ ದೋಸೆ ಸಟ್ಟುಗದಿಂದ ಒಂದೊಂದನ್ನೇ ತೋರಿಸುತ್ತಿದ್ದಳು.

“ತೇವ ಹಿಡೀತು, ಬಿರುಕು ಬಿಡ್ತು, ಚಾವಣಿ ಧೊಪ್ಪಂತ ಕೆಳಗೆ ಬಂತು,” ಎಂದಳು. ಅವನದ್ದೇ ಮಾತು, ಅವನು ನಿಲ್ಲಿಸುವಲ್ಲೇ ನಿಲ್ಲಿಸಿ. “ಮಮತಾ, ಬಾಗಿಲು ಇದ್ದಲ್ಲೇ ಇರ್ಲಿ. ಮಾಡು ಸೋರದಾಂಗೆ ನೋಡ್ಕ. ಪೋರ್ಚುಗೀಸ್ ವಾಸ್ತು ಅಂದ್ರೆ ಅಷ್ಟೇಯ. ಆದ್ರೆ ಗೋಪುರ ಮಾತ್ರ ಬಗ್ಗಲಿಲ್ಲ. ನಲವತ್ತಾರು ಮೊಳ—”

“ಮೀಟರ್!” ಶಂಭುಲಿಂಗ ಬಾಗಿಲಿನಿಂದ ಕೂಗಿದ.

“ಶ್ಶ್!” ಎಂದಿತು ಇಡೀ ಸಭೆ. “ಅಕ್ಕ ಮುಗಿಸ್ಲಿ!”

ಸೌಮ್ಯ ಮುಗಿಸಿದಳು. ಸರಿಯಾಗಿ ನಲವತ್ತೈದನೇ ನಿಮಿಷಕ್ಕೆ. ಚಪ್ಪಾಳೆ ನಿಲ್ಲುವ ಮೊದಲೇ ನವೀನ ಎದ್ದು, ಮುಂದಿನ ತಿಂಗಳು ಸಿದ್ದಾಪುರ, ಯಲ್ಲಾಪುರ ಎರಡೂ ಕಡೆ ಸೌಮ್ಯಕ್ಕನ ಉಪನ್ಯಾಸ ಎಂದು ಘೋಷಿಸಿದ. ಆಮೇಲೆ ಬಾಗಿಲತ್ತ ತಿರುಗಿದ.

“ಶಂಭಣ್ಣ, ನೀವು ವಂದನಾರ್ಪಣೆ ಮಾಡಿ.”

ಶಂಭುಲಿಂಗ ಜನರನ್ನು ದಾಟಿಕೊಂಡು ಹೋಗಿ ಹೆಂಡತಿಯ ಕೈಯಿಂದ ಸಟ್ಟುಗ ಕಸಿದುಕೊಂಡ. ಎದೆ ಸೆಟೆಸಿ ನಿಂತ. “ಮಾಡ್ತೆ! ಪೂರ್ತಿ ನಲವತ್ತೈದು ನಿಮಿಷ ಮಾಡ್ತೆ! ಮೊದಲನೇ ವಂದನೆ ಆ ಗೋಪುರ ಕಟ್ಟಿದ ಕಲ್ಲುಕುಟಿಗರಿಗೆ. ಅವರು ಚಿರೆಕಲ್ಲನ್ನು ಹೆಂಗೆ ಕಡಿದರು ಅಂದ್ರೆ…”

ತಟ್ಟೆ ಹಿಡಿದು ಆಗಲೇ ಹಿತ್ತಿಲು ಸೇರಿದ್ದ ಕಲ್ಲವ್ವನ ದನಿ ಗಟ್ಟಿಯಾಗಿ ಕೇಳಿಸಿತು. “ಏಳ್ರಿ, ಎಲಿ ಹಾಕ್ಯಾರ್ರೀ!”

ಸಭೆ ಎದ್ದಿತು.